ಹುಲ್ಲು ನೆಲಕ್ಕೆ ಕ್ಲೋವರ್: ಟಿಲ್ಲರ್, ಟಾರ್ಪಾಲು, ಸ್ಪ್ರೇಯರ್
ಹುಲ್ಲು ದಟ್ಟವಾಗಿ ಹಬ್ಬಿದ ನೆಲದಲ್ಲಿ ಜಿಂಕೆಗಳಿಗೆಂದು ಕ್ಲೋವರ್ (ಮೂರೆಲೆಯ ಮೇವಿನ ಗಿಡ) ಬಿತ್ತುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಟಿಲ್ಲರ್ ಬಾಡಿಗೆಗೆ ತರಬೇಡಿ. ಆ ದುಡ್ಡಿಗೆ ಬೆನ್ನಿಗೆ ಹಾಕುವ ಸ್ಪ್ರೇಯರ್ ಬರುತ್ತದೆ, ಮುಂದಿನ ವರ್ಷವೂ ಕೈಯಲ್ಲೇ ಇರುತ್ತದೆ.

ನಮ್ಮ ಜಾಗ ಅಮೆರಿಕದ ಮಿಷಿಗನ್‌ನಲ್ಲಿ. ಬಿತ್ತಿದ್ದು ಕಾಲು ಎಕರೆ, ಊರಿನ ಲೆಕ್ಕದಲ್ಲಿ 10 ಗುಂಟೆ. ಬೇಟೆ ನಮ್ಮಿಂದಾಗದು, ನೋಡುವ ಆಸೆ ಅಷ್ಟೆ. ಇಲ್ಲಿನ ಲೋವರ್ ಪೆನಿನ್ಸುಲಾದಲ್ಲಿ, ಅಂದರೆ ರಾಜ್ಯದ ದಕ್ಷಿಣ ಭಾಗದಲ್ಲಿ, ಕಾಯಿಲೆ ಹರಡುತ್ತದೆಂದು 2019ರಿಂದ ಜಿಂಕೆಗೆ ಮೆಕ್ಕೆಜೋಳ ಸುರಿಯುವುದಕ್ಕೆ ನಿಷೇಧವಿದೆ; ಬಿತ್ತಿ ಬೆಳೆದದ್ದಕ್ಕೆ ಅಡ್ಡಿಯಿಲ್ಲ. ನೆಲವನ್ನು ಮೂರು ಪಟ್ಟೆ ಮಾಡಿ ಒಂದೊಂದರಲ್ಲಿ ಒಂದೊಂದು ದಾರಿ ನೋಡಿದೆವು.

ಟಿಲ್ಲರ್ ಪಟ್ಟೆ ಮೊದಲ ದಿನ ಎಲ್ಲಕ್ಕಿಂತ ಚೆಂದ ಕಂಡಿತು. ಹುಲ್ಲು ಹಲ್ಲುಗಳಿಗೆ ಸುತ್ತಿಕೊಂಡು, ಮತ್ತೆ ಮತ್ತೆ ಇಂಜಿನ್ ಆರಿಸಿ ಚಾಕುವಿನಲ್ಲಿ ಕೊಯ್ದು ತೆಗೆಯಬೇಕಾಯಿತು, ನಿಜ. ಆದರೆ ಮಣ್ಣು ಕಪ್ಪಗೆ, ಮೆತ್ತಗೆ. ಊರಿಗೆ ಫೋಟೋ ಕಳಿಸಿದರೆ ಅಪ್ಪ, ‘ಒಳ್ಳೇ ಹದ ಬಂದಿದೆ ಕಣೋ’ ಅಂದರು.

ಆ ಹದದೊಳಗೇ ಇತ್ತು ತೊಂದರೆ. ಇಲ್ಲಿ ಕ್ವ್ಯಾಕ್‌ಗ್ರಾಸ್ ಎಂಬ ಹುಲ್ಲಿದೆ. ನಮ್ಮ ಗರಿಕೆಯ ಹಾಗೆ ಗೆಣ್ಣು ಗೆಣ್ಣಿಗೂ ಚಿಗುರುತ್ತದೆ, ಆದರೆ ಇದರ ಬಳ್ಳಿ ಓಡುವುದು ನೆಲದೊಳಗೆ. ತುದಿ ಎಷ್ಟು ಚೂಪೆಂದರೆ ಆಲೂಗಡ್ಡೆಯನ್ನೂ ತೂರಿಕೊಂಡು ಹೋಗುತ್ತದೆ. ಟಿಲ್ಲರ್ ಅದನ್ನು ಕೊಲ್ಲುವುದಿಲ್ಲ, ತುಂಡರಿಸಿ ಪಟ್ಟೆಯುದ್ದಕ್ಕೂ ನೆಡುತ್ತದೆ. ಕೆಲವೇ ವಾರಗಳಲ್ಲಿ ತುಂಡಿಗೊಂದು ಚಿಗುರು ಎದ್ದಿತು. ಜೊತೆಗೆ ಆಳದಲ್ಲಿ ಮಲಗಿದ್ದ ಕಳೆಬೀಜಗಳೂ ಬೆಳಕು ಕಂಡು ಮೊಳೆತವು.

ಇನ್ನೊಂದು ಕಿರಿಕಿರಿ ಆ ಮೆತ್ತನೆಯದ್ದೇ. ಕ್ಲೋವರ್ ಬೀಜ ರಾಗಿಗಿಂತ ಸಣ್ಣದು, ಕಾಲು ಇಂಚಿಗಿಂತ ಕೆಳಗೆ ಬಿದ್ದರೆ ಮೇಲೇಳುವುದು ಕಷ್ಟ. ಉತ್ತ ಮಣ್ಣನ್ನು ರೋಲರ್ ಎಳೆದು, ಬೂಟಿನ ಹಿಮ್ಮಡಿ ಅರ್ಧ ಇಂಚೂ ಹೂಳದಷ್ಟು ಗಟ್ಟಿ ಮಾಡಬೇಕು. ಅಂದರೆ ಮತ್ತೊಂದು ಬಾಡಿಗೆ.

ಕಪ್ಪು ಟಾರ್ಪಾಲು: ಬೇಸಿಗೆಯಲ್ಲಿ ವಾರಗಟ್ಟಲೆ ಹೊದಿಸಿಟ್ಟರೆ ಹುಲ್ಲು ಸಾಯುತ್ತದೆ. ಗಾಳಿಗೆ ಹಾರುತ್ತದೆ, ಅಡಿಯಲ್ಲಿ ಇಲಿಗಳು ಸಂಸಾರ ಹೂಡುತ್ತವೆ. ತರಕಾರಿ ಮಡಿಗೆ ಸರಿ, 10 ಗುಂಟೆಗೆ ದುಬಾರಿ.

ಸ್ಪ್ರೇಯರ್ ಪಟ್ಟೆಯಲ್ಲಿ ಜುಲೈ ಕೊನೆಗೆ ಹುಲ್ಲು ಕತ್ತರಿಸಿ, ಗೇಣುದ್ದ ಹೊಸ ಹಸಿರು ಬರುವವರೆಗೆ ಬಿಟ್ಟು, ಬೇಸಿಗೆ ಮುಗಿಯುವಾಗ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದೆ. ಆ ಕಾಲಕ್ಕೆ ಹುಲ್ಲು ತನ್ನ ಆಹಾರವನ್ನು ಬೇರಿಗೆ ಇಳಿಸುತ್ತಿರುತ್ತದೆ, ಮದ್ದೂ ಜೊತೆಗೇ ಇಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಮದ್ದನ್ನು ಕಟ್ಟಿಹಾಕುತ್ತದೆ. ಮೊದಲು ಅಮೋನಿಯಂ ಸಲ್ಫೇಟ್ ಕರಗಿಸಿ ಆಮೇಲೆ ಮದ್ದು ಬೆರೆಸಬೇಕು. ಕೆಸರು ನೀರಂತೂ ಬೇಡವೇ ಬೇಡ. ಉಳಿದುಕೊಂಡ ಹುಲ್ಲಿಗೆ ಚಳಿಗೆ ಮುಂಚೆ ಇನ್ನೊಂದು ಸಲ ಹೊಡೆದು, ಒಣಗಿದ್ದನ್ನು ನೆಲಮಟ್ಟಕ್ಕೆ ಸವರಿ, ಕುಂಟೆಯಲ್ಲಿ ಎಳೆದು ಹಾಕಿದೆ.

ಬಿತ್ತನೆ ಮಾರ್ಚ್ ಆರಂಭದಲ್ಲಿ, ನೆಲ ಹೆಪ್ಪುಗಟ್ಟಿರುವ ಬೆಳಗ್ಗೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಣ್ಣು ಬಿರುಕು ಬಿಟ್ಟು ಬೀಜವನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಉಳುಮೆ ಇಲ್ಲ, ರೋಲರ್ ಇಲ್ಲ. ಎಕರೆಗೆ 8 ಪೌಂಡಿನಂತೆ 10 ಗುಂಟೆಗೆ 2 ಪೌಂಡ್ ಸಾಕು.

ಟಿಲ್ಲರ್ ಪರವಾಗಿ ಒಂದು ಮಾತು: ಮಣ್ಣು ತೀರಾ ಹುಳಿಯಾಗಿದ್ದರೆ, ಅಂದರೆ ಪಿಎಚ್ 6ಕ್ಕಿಂತ ಸಾಕಷ್ಟು ಕೆಳಗಿದ್ದರೆ, ಸುಣ್ಣವನ್ನು ಒಳಗೆ ಬೆರೆಸಲು ಅದೇ ವಾಸಿ. ಮೇಲೆ ಎರಚಿದ ಸುಣ್ಣ ಇಳಿಯುವುದು ನಿಧಾನ. ಕಳೆನಾಶಕವೇ ಬೇಡ ಅನ್ನುವವರಿಗೂ ಟಿಲ್ಲರ್ರೇ ಗತಿ, ಆದರೆ ಬೇಸಿಗೆಯುದ್ದಕ್ಕೂ ಚಿಗುರಿದಾಗಲೆಲ್ಲ ಮತ್ತೆ ಉಳಬೇಕು. ವಾರಾಂತ್ಯಕ್ಕೆ ಮಾತ್ರ ಹೋಗುವ, ಸಣ್ಣ ಕಾರಿನಲ್ಲಿ ಸಾಮಾನು ಸಾಗಿಸುವ ನನ್ನಂಥವನಿಗೆ ಅದು ಆಗದು.

ಕ್ಲೋವರ್ ನಡುವೆ ಆಮೇಲೆ ಹುಲ್ಲು ಇಣುಕಿದರೆ ಕ್ಲೆತೋಡಿಮ್ ಎಂಬ ಕಳೆನಾಶಕ ಹೊಡೆಯಿರಿ, ಅದು ಹುಲ್ಲನ್ನಷ್ಟೇ ಕೊಲ್ಲುತ್ತದೆ. ಯೂರಿಯಾ ಹಾಕಬೇಡಿ. ಕ್ಲೋವರ್‌ಗೆ ಬೇಕಾದ ಸಾರಜನಕ ಅದರ ಬೇರುಗಂಟಿನಲ್ಲೇ ತಯಾರಾಗುತ್ತದೆ. ಯೂರಿಯಾ ತಿಂದು ಕೊಬ್ಬುವುದು ಹುಲ್ಲು.