ಟೊಮೆಟೊ ಮಂಡಿಯ ಚೀಟಿಗೆ ಯಾವ ಬ್ರೌಸರ್ ಡೇಟಾಬೇಸ್?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವ ನಮ್ಮ ಚಿಕ್ಕಪ್ಪನವರಿಗೆ, ನೆಟ್‌ವರ್ಕ್ ಇಲ್ಲದಾಗಲೂ ರೈತರ ಚೀಟಿ ಬರೆಯಬಲ್ಲ ಒಂದು ವೆಬ್ ಆ್ಯಪ್ ಮಾಡಿಕೊಡುವಾಗ, ಬ್ರೌಸರಿನೊಳಗೇ ದತ್ತಾಂಶ ಇರಿಸುವ ನಾಲ್ಕು ವಿಧಾನಗಳನ್ನು ಒಂದೊಂದಾಗಿ ಬಳಸಿ ನೋಡಿದೆ. ಚೀಟಿಯಲ್ಲಿ ಇರುವುದು ರೈತರ ಹೆಸರು, ಊರು, 15 ಕಿಲೋ ಬಾಕ್ಸುಗಳ ಸಂಖ್ಯೆ, ಹರಾಜಿನ ದರ ಮತ್ತು ಹಮಾಲಿ, ಇಷ್ಟೇ.

ಬ್ರೌಸರಿನದೇ ಸರಳ ಸಂಗ್ರಹವಾದ ಲೋಕಲ್‌ಸ್ಟೋರೇಜ್‌ಗೆ ಎರಡು ಸಾಲು ಕೋಡ್ ಸಾಕು. ಆದರೆ ಅದು ಸ್ಟ್ರಿಂಗ್ (ಬರಿಯ ಅಕ್ಷರಗಳ ಸಾಲು) ಮಾತ್ರ ಇಟ್ಟುಕೊಳ್ಳುವುದರಿಂದ, ಒಂದು ಚೀಟಿ ಸೇರಿಸಲು ನಾನು ಇಡೀ ಪಟ್ಟಿಯನ್ನೇ ಜೇಸನ್ ಎಂಬ ಪಠ್ಯರೂಪಕ್ಕೆ ತಂದು ಮತ್ತೆ ಬರೆಯುತ್ತಿದ್ದೆ. ಬರೆದು ಮುಗಿಯುವವರೆಗೆ ಪುಟ ಅಲ್ಲಾಡದು, ಸಿಗುವ ಜಾಗವೂ ಸುಮಾರು 5 ಎಂಬಿ ಮಾತ್ರ. ಇದನ್ನೆಲ್ಲ ಸಹಿಸಬಹುದಿತ್ತು. ಒಂದು ಬೆಳಿಗ್ಗೆ ಗುಮಾಸ್ತರು ಎರಡು ಟ್ಯಾಬ್ ತೆರೆದು ಒಂದರಲ್ಲಿ ಆವಕ, ಇನ್ನೊಂದರಲ್ಲಿ ದರ ತುಂಬಿದಾಗ, ಎರಡನೆಯ ಟ್ಯಾಬ್ ತನ್ನ ಹಳೆಯ ಪಟ್ಟಿಯನ್ನು ಮೇಲೆ ಬರೆದು, ನಲವತ್ತು ಬಾಕ್ಸಿನ ಒಂದು ಚೀಟಿ ಮಾಯವಾಯಿತು. ತಪ್ಪು ನನ್ನ ಕೋಡಿನದೇ, ಆದರೂ ಆ ತಪ್ಪಿಗೆ ಅಲ್ಲಿ ತಡೆಯೇ ಇರಲಿಲ್ಲ.

ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ 2015ರಲ್ಲಿ ಬಂದ ಬ್ರೌಸರ್ ಡೇಟಾಬೇಸ್ ಇಂಡೆಕ್ಸೆಡ್‌ಡಿಬಿಯಲ್ಲಿ ಪ್ರತಿ ಚೀಟಿಯೂ ಪ್ರತ್ಯೇಕ ದಾಖಲೆಯಾಗಿ, ಟ್ರಾನ್ಸಾಕ್ಷನ್‌ನ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಬರಹಗಳ ಗುಂಪಿನ) ರಕ್ಷಣೆಯಲ್ಲಿ ಸೇರುತ್ತದೆ. ಅದಕ್ಕೆ ನೇರವಾಗಿ ಕೋಡ್ ಬರೆಯುವುದು ಮಾತ್ರ ತಲೆನೋವು: ಟ್ರಾನ್ಸಾಕ್ಷನ್ ತೆರೆದಿಟ್ಟು ಸರ್ವರಿನ ಉತ್ತರಕ್ಕೆ ಕಾದರೆ, ಉತ್ತರ ಬರುವಷ್ಟರಲ್ಲಿ ಅದು ತಾನಾಗಿ ಮುಗಿದು, ಮುಂದಿನ ಬರಹ ದೋಷ ಕೊಡುತ್ತದೆ. ಇದು ತಿಳಿಯಲು ನನಗೆ ಒಂದು ಭಾನುವಾರ ಬೇಕಾಯಿತು.

ಡೆಕ್ಸಿ ಅದೇ ಇಂಡೆಕ್ಸೆಡ್‌ಡಿಬಿಯ ಮೇಲಿನ ಹೊದಿಕೆ, ಅಂದರೆ ಅದನ್ನು ಸುಲಭವಾಗಿ ಬಳಸಲು ಬರೆದ ಸಿದ್ಧ ಕೋಡ್. ಆ ಟ್ರಾನ್ಸಾಕ್ಷನ್ ನಿಯಮ ಅಲ್ಲಿಯೂ ತಪ್ಪದು. ಆದರೆ ವಕ್ಕಲೇರಿಯ ರೈತರೊಬ್ಬರು ಕಳೆದ ವಾರದ ಲೆಕ್ಕ ಕೇಳಿದರೆ, ರೈತ ಮತ್ತು ದಿನಾಂಕ ಸೇರಿದ ಜೋಡಿ ಇಂಡೆಕ್ಸಿನಿಂದ (ಹುಡುಕಾಟದ ಸೂಚಿಯಿಂದ) ಒಂದೇ ಸಾಲಿನಲ್ಲಿ ತೆಗೆಯಬಹುದು. ಹುಡುಕಬೇಕಾದ ಅಂಶಗಳನ್ನು ಮಾತ್ರ ಸ್ಕೀಮಾದಲ್ಲಿ (ಡೇಟಾಬೇಸಿನ ರಚನೆಯ ವಿವರದಲ್ಲಿ) ಹೆಸರಿಸಿದರೆ ಸಾಕು ಎಂಬುದನ್ನು ತಿಳಿಯದೆ ಮೊದಲು ಎಲ್ಲವನ್ನೂ ಪಟ್ಟಿ ಮಾಡಿದ್ದೆ.

ಕೌಚ್‌ಡಿಬಿ ಎಂಬ ಡೇಟಾಬೇಸಿನ ಸರ್ವರಿನೊಡನೆ ತಾನೇ ಸಿಂಕ್ ಆಗುವುದು, ಅಂದರೆ ಎರಡೂ ಕಡೆಯ ದತ್ತಾಂಶವನ್ನು ಹೊಂದಿಸಿಕೊಳ್ಳುವುದು, ನಾಲ್ಕನೆಯದಾದ ಪೌಚ್‌ಡಿಬಿಯ ಹೆಚ್ಚುಗಾರಿಕೆ. ಒಂದೇ ಕಂಪ್ಯೂಟರಿನ ಮಂಡಿಗೆ ಅದು ಅತಿಯಾಯಿತು. ಎರಡು ಊರಲ್ಲಿ ಅಂಗಡಿ ಇದ್ದಿದ್ದರೆ ಅದನ್ನೇ ಆರಿಸುತ್ತಿದ್ದೆ.

ಯಾವುದನ್ನು ಆರಿಸಿದರೂ ಆ್ಯಪಲ್‌ನ ಸಫಾರಿ ಬ್ರೌಸರಿನ ನಿಯಮ ಕಾಡುತ್ತದೆ: ಬ್ರೌಸರ್ ಬಳಸಿದ 7 ದಿನಗಳಲ್ಲಿ ಆ್ಯಪಿನ ತಾಣವನ್ನು ಮುಟ್ಟದಿದ್ದರೆ, ಸ್ಕ್ರಿಪ್ಟ್ (ಪುಟದ ಕೋಡ್) ಉಳಿಸಿದ ದತ್ತಾಂಶ ಅಳಿಯುತ್ತದೆ. ಹಾಗಾಗಿ ಡೆಕ್ಸಿಯ ಜೊತೆಗೆ, ದಿನದ ಚೀಟಿಗಳನ್ನು ಪೆನ್‌ಡ್ರೈವಿಗೆ ಇಳಿಸುವ ಒಂದು ಗುಂಡಿಯನ್ನೂ ಇಟ್ಟಿದ್ದೇನೆ. ಚಿಕ್ಕಪ್ಪ ಅಂಗಡಿ ಮುಚ್ಚುವ ಮೊದಲು ಅದನ್ನು ಒತ್ತುತ್ತಾರೆ.