ಜನವರಿಯ ನೀರಹಕ್ಕಿ ಗಣತಿ: ಮೈಸೂರು ಕಡೆ ಕೆರೆಗಳಿಗೆ ಎಣಿಸೋಕೆ ಹೋಗೋರಿಗೆ ಒಂದು ರಿವ್ಯೂ

ಡಿಸೆಂಬರ್ ಬಂತು ಅಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ, ಆ ಕೆರೆ ಹಕ್ಕಿ ಗಣತಿಗೆ ನಾವೂ ಹೆಸರು ಕೊಡ್ಬಹುದಾ, ಹಕ್ಕಿ ಗೊತ್ತಿಲ್ದೋರನ್ನೂ ಸೇರಿಸ್ಕೋತಾರಾ, ಹೋದ್ರೆ ಪ್ರಯೋಜನ ಇದ್ಯಾ ಅಂತ. ಒಬ್ಬೊಬ್ರಿಗೂ ವಾಟ್ಸಾಪಲ್ಲಿ ಟೈಪ್ ಮಾಡೋ ಬದ್ಲು ಒಂದೇ ಸಲ ಉದ್ದಕ್ಕೆ ಬರೀತಿದೀನಿ. ಐದಕ್ಕೆ ನಾಲ್ಕೂವರೆ ಸ್ಟಾರ್ ನನ್ನ ಕಡೆಯಿಂದ, ಆ ಅರ್ಧ ಯಾಕೆ ಕಟ್ ಆಯ್ತು ಅನ್ನೋದು ಕೆಳಗೆ ಬರತ್ತೆ. ಇದಕ್ಕೆ ಹೋಗೋದಾದ್ರೆ ಎಣಿಸೋಕೆ ಹೋಗಿ, ಫೋಟೋ ತೆಗೆಯೋಕೆ ಅಂತ ಹೋಗ್ಬೇಡಿ. ನಾನು ಹೇಳ್ಬೇಕು ಅನ್ಕೊಂಡಿರೋದು ಮುಖ್ಯವಾಗಿ ಇಷ್ಟೇ, ಮಿಕ್ಕಿದ್ದೆಲ್ಲಾ ಇದರ ವಿವರ.

ಏನಿದು ಅಂತ ಗೊತ್ತಿಲ್ದೋರಿಗೆ: ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ ಹೆಸರು, ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ನೋಡ್ಕೊಳತ್ತೆ. ನಮ್ಮ ಕಡೆ 1987ರಿಂದ ನಡೀತಿದೆ, ಇದಕ್ಕಿಂತ ದೊಡ್ಡದಾದ ಇಂಟರ್‌ನ್ಯಾಷನಲ್ ವಾಟರ್‌ಬರ್ಡ್ ಸೆನ್ಸಸ್ ಅಂತೂ 1967ರಿಂದ ಇದೆ. ಜನವರಿಯಲ್ಲೇ ಯಾಕೆ ಅಂದ್ರೆ, ಉತ್ತರದಿಂದ ಚಳಿಗಾಲಕ್ಕೆ ಇಳಿದು ಬರೋ ಹಕ್ಕಿಗಳೆಲ್ಲಾ ಅಷ್ಟೊತ್ತಿಗೆ ಬಂದು ಒಂದು ಕಡೆ ನೆಲೆ ನಿಂತಿರ್ತವೆ, ವಾಪಸ್ ಹೊರಡೋಕೆ ಇನ್ನೂ ಟೈಮ್ ಇರತ್ತೆ. ಜನವರಿ ನಡುವಿನ ಎರಡು ವಾರದಲ್ಲಿ ದೇಶದೇಶಗಳಲ್ಲಿ ಜನ ತಮ್ಮ ತಮ್ಮ ಕೆರೆ ದಡದಲ್ಲಿ ನಿಂತು ಎಣಿಸ್ತಾರೆ. ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ಇದನ್ನ ಇಲ್ಲಿನ ಹಕ್ಕಿ ನೋಡೋ ಜನಾನೇ ಸೇರ್ಕೊಂಡು ಮಾಡ್ತಾರೆ, ಟೀಮ್ ಟೀಮ್ ಆಗಿ ಕೆರೆ ಹಂಚ್ಕೊಂಡು.

ಸರ್ವಿಸ್ ಅಂತ ನೋಡಿದ್ರೆ, ಫೀಸ್ ಇಲ್ಲ. ಊಟ ತಿಂಡಿ ನಿಮ್ದೇ, ಪೆಟ್ರೋಲ್ ಹಂಚ್ಕೊಳೋದು, ಡಬ್ಬಿಯಲ್ಲಿ ಚಿತ್ರಾನ್ನನೋ ಇಡ್ಲಿನೋ ಹಾಕ್ಕೊಂಡು ಹೋದ್ರೆ ಪುಣ್ಯ ಬರತ್ತೆ, ಯಾಕಂದ್ರೆ ಎಷ್ಟೋ ಕೆರೆ ಹತ್ರ ಟೀ ಅಂಗಡಿ ಕೂಡ ಇರಲ್ಲ. ಬೆಳಕು ಹರಿಯೋ ಹೊತ್ತಿಗೆ ಏರಿ ಮೇಲೆ ಇರ್ಬೇಕು ಅಂದ್ರೆ ಮನೆ ಬಿಡೋದು ಐದಕ್ಕೇ. ಸಂಕ್ರಾಂತಿ ಆಸುಪಾಸಿನ ಚಳಿ, ಮಂಜು, ಸ್ವೆಟರ್ ಬೇಕೇ ಬೇಕು. ಬೈನಾಕ್ಯುಲರ್ ಇಲ್ಲ ಅಂತ ಹಿಂಜರಿಯೋದು ಬೇಡ, ಟೀಮಲ್ಲಿ ಒಬ್ರ ಹತ್ರ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮೇಲಿಟ್ಟು ನೋಡೋ ದುರ್ಬೀನು) ಇರತ್ತೆ, ಬರ್ಕೊಳೋಕೆ ಒಬ್ರು ಬೇಕೇ ಬೇಕಾಗತ್ತೆ, ಹೊಸಬ್ರಿಗೆ ಮೊದಲು ಸಿಗೋದು ಅದೇ ಕೆಲಸ. ಅದನ್ನ ಕಮ್ಮಿ ಅನ್ಕೋಬೇಡಿ, ಬರೆಯೋರು ಸರಿ ಇಲ್ದಿದ್ರೆ ಇಡೀ ಬೆಳಗ್ಗೆ ನೀರುಪಾಲು.

ಎಣಿಸೋದು ಹೇಗೆ ಅನ್ನೋದೇ ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ. ಸೂರ್ಯ ಬೆನ್ನಿಗಿರ್ಬೇಕು, ಅಂದ್ರೆ ಬೆಳಗ್ಗೆ ಕೆರೆಯ ಮೂಡಲ ದಡದಲ್ಲಿ ನಿಂತು ಪಡುವಣಕ್ಕೆ ನೋಡೋದು, ಇಲ್ಲಾಂದ್ರೆ ಬಾತು, ನಾಮದ ಕೋಳಿ ಎಲ್ಲಾ ಬರೀ ಕಪ್ಪು ಚುಕ್ಕೆ ಥರ ಕಾಣ್ತವೆ. ಮೊದಲು ಕೆಸರಂಚಲ್ಲಿರೋ ಗದ್ದೆಗೊರವ, ಟಿಟ್ಟಿಭ ಇವನ್ನ ಮುಗಿಸ್ಬೇಕು, ಯಾಕಂದ್ರೆ ನಾವು ಹತ್ರ ಹೋಗ್ತಿದ್ದ ಹಾಗೇ ಮೊದಲು ಎದ್ದು ಹೋಗೋದು ಅವೇ. ಆಮೇಲೆ ನಡುನೀರು. ನೂರಾರು ಹಕ್ಕಿ ಒಟ್ಟಿಗೆ ಕೂತಿರೋವಾಗ ಒಂದೊಂದೇ ಎಣಿಸೋಕಾಗಲ್ಲ, ಮೊದಲು ಹತ್ತು ಹಕ್ಕಿ ಎಣಿಸಿ ಅದು ಎಷ್ಟು ಜಾಗ ಹಿಡಿಯತ್ತೆ ಅಂತ ಕಣ್ಣಲ್ಲಿ ಇಟ್ಕೊಂಡು, ಸೇರಲ್ಲಿ ಅಕ್ಕಿ ಅಳೆದ ಹಾಗೆ ಅದೇ ಅಳತೆಯಲ್ಲಿ ಇಡೀ ಗುಂಪನ್ನ ಅಳೀತಾ ಹೋಗೋದು. ಇಬ್ಬರು ಬೇರೆ ಬೇರೆ ಎಣಿಸಿ ಕೊನೆಗೆ ತಾಳೆ ನೋಡ್ತಾರೆ, ಜಾಸ್ತಿ ವ್ಯತ್ಯಾಸ ಬಂದ್ರೆ ಮತ್ತೆ ಮೊದಲಿಂದ. ಗುಳುಮುಳುಕ ಇದ್ಯಲ್ಲ ಅದು ಮಾತ್ರ ಎಲ್ಲರ ತಾಳ್ಮೆ ಪರೀಕ್ಷೆ ಮಾಡತ್ತೆ, ಈಗ ನೀರ ಮೇಲೆ ಇನ್ನೊಂದು ಕ್ಷಣಕ್ಕೆ ಒಳಗೆ, ಹಾಗಾಗಿ ಮೂರ್ನಾಲ್ಕು ಸಲ ಎಣಿಸಿ ಹೆಚ್ಚಿಗೆ ಬಂದ ಲೆಕ್ಕ ಬರ್ಕೊಳೋದು. ಜೊಂಡಿನ ಒಳಗಿರೋ ಜಂಬುಕೋಳಿಗಳದ್ದು ಇನ್ನೊಂದು ಕಥೆ, ಕಂಡಷ್ಟೇ ಬರೀಬೇಕು, ಒಳಗೆ ಇನ್ನಷ್ಟು ಇರ್ಬಹುದು ಅಂತ ಊಹೆ ಸೇರಿಸೋ ಹಾಗಿಲ್ಲ.

ಇಲ್ಲೊಂದು ವಿಷಯ ಹೇಳ್ಲೇಬೇಕು. ಹೊಸಬ್ರಿಗೆ ಅಪರೂಪದ ಹಕ್ಕಿ ಕಂಡ್ರೆ ಖುಷಿ, ಬೆಳ್ಳಕ್ಕಿ ಕಂಡ್ರೆ "ಅಯ್ಯೋ ಅದು ಬಿಡಿ ಯಾವಾಗ್ಲೂ ಇರತ್ತಲ್ಲ" ಅನ್ನೋ ಭಾವನೆ. ಗಣತಿಯಲ್ಲಿ ಹಾಗಿಲ್ಲ, ಗೋವಕ್ಕಿಗೂ ನೀರುಕಾಗೆಗೂ ಸೂಜಿಬಾಲದ ಬಾತಿಗೂ ಒಂದೇ ಮರ್ಯಾದೆ. ಯಾವಾಗ್ಲೂ ಇರತ್ತೆ ಅನ್ಕೊಂಡ ಹಕ್ಕಿನೇ ಕಮ್ಮಿ ಆಗೋದು, ಯಾರೂ ಎಣಿಸ್ದೇ ಇದ್ರೆ ಕಮ್ಮಿ ಆಯ್ತು ಅಂತ ಹೇಳೋಕೂ ಆಗಲ್ಲ. ನಮ್ಮ ರಾಜ್ಯದ ಹಕ್ಕಿ ನೀಲಕಂಠನ್ನೇ ತಗೊಳಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ 942 ಜಾತಿಗಳನ್ನ ಪರಿಶೀಲಿಸಿದ್ರು, ಸುಮಾರು 30,000 ಜನ ಹವ್ಯಾಸಿಗಳು ಹಕ್ಕಿ ಪಟ್ಟಿ ಹಾಕೋ ಆ್ಯಪ್ ಆದ ಈ-ಬರ್ಡ್‌ಗೆ ಹಾಕಿದ್ದ 3 ಕೋಟಿ ದಾಖಲೆ ಇಟ್ಕೊಂಡು, ಅದರಲ್ಲಿ ನೀಲಕಂಠ ಇಳಿಮುಖ ಆಗಿದೆ ಅಂತ ಗೊತ್ತಾಯ್ತು. ಕರೆಂಟ್ ತಂತಿ ಮೇಲೆ ದಿನಾ ಕೂರೋ ಹಕ್ಕಿ ಅದು! ದಿನಾ ನೋಡೋ ಹಕ್ಕಿನೂ ನಂಬರ್ ಸಮೇತ ಬರೆದಿಟ್ಟವರು ಇದ್ದಿದ್ದಕ್ಕೇ ಅದು ತಿಳೀತು. ಅದಕ್ಕೇ ಆ್ಯಪ್‌ನಲ್ಲಿ ಲಿಸ್ಟ್ ಹಾಕೋವಾಗ ಸಂಖ್ಯೆ ಜಾಗದಲ್ಲಿ ಬರೀ ಎಕ್ಸ್ (ಹಕ್ಕಿ ಇತ್ತು, ಎಣಿಸಿಲ್ಲ ಅನ್ನೋ ಗುರುತು) ಒತ್ತಿ ಬಿಡೋ ಅಭ್ಯಾಸ ಇರೋರು ದಯವಿಟ್ಟು ಬಿಡಿ, ಅಂದಾಜಾದ್ರೂ ಪರ್ವಾಗಿಲ್ಲ ಒಂದು ಸಂಖ್ಯೆ ಹಾಕಿ.

ಯಾವ ಕೆರೆ ಚೆನ್ನ ಅಂತ ಕೇಳ್ತೀರಾ. ಮೊದಲ ಸಲ ಹೋಗೋರಿಗೆ ಕುಕ್ಕರಹಳ್ಳಿ ಕೆರೆ ಒಳ್ಳೇದು, ಊರೊಳಗೇ ಇದೆ, ಸುತ್ತ ನಡೆಯೋ ದಾರಿ ಇದೆ, ನಡುಗಡ್ಡೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ ಎಲ್ಲಾ ಕಣ್ಣಳತೆಯಲ್ಲೇ ಸಿಗ್ತವೆ, ವಾಕಿಂಗ್ ಬಂದ ಅಜ್ಜಂದ್ರು ನಿಂತು ಸ್ಕೋಪಲ್ಲಿ ಇಣುಕಿ "ಇಷ್ಟು ವರ್ಷ ಸುತ್ತಿದೀನಿ ಇದನ್ನ ನೋಡೇ ಇರ್ಲಿಲ್ಲ" ಅನ್ನೋದು ಪ್ರತಿ ಸಲದ ಸಂತೋಷ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1864ರಲ್ಲಿ ಕಟ್ಟಿಸಿದ ಕೆರೆ, ಈಗ ವಿಶ್ವವಿದ್ಯಾಲಯದ ಕೈಲಿದೆ. ಲಿಂಗಾಂಬುಧಿ ಕೆರೆನೂ ಪರ್ವಾಗಿಲ್ಲ, ನೀರು ಎಷ್ಟಿದೆ ಅನ್ನೋದರ ಮೇಲೆ. ರಂಗನತಿಟ್ಟು ಬಗ್ಗೆ ನಾನು ಹೇಳ್ಬೇಕಾಗಿಲ್ಲ, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಂದ ಆದ ಪಕ್ಷಿಧಾಮ, 2022ರಲ್ಲಿ ಕರ್ನಾಟಕದ ಮೊದಲ ರಾಮ್‌ಸಾರ್ ತಾಣನೂ ಆಯ್ತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ತು, ಆದ್ರೆ ಅಲ್ಲಿ ಎಣಿಸೋದು ಕಷ್ಟದ ಕೆಲಸ, ಹೊಳೆ ಮಧ್ಯದ ತಿಟ್ಟುಗಳು, ಮರದ ತುಂಬಾ ಹಕ್ಕಿ, ಪಳಗಿದವರೇ ಬೇಕು.

ನನ್ನ ಮನಸ್ಸು ಇರೋದು ಹದಿನಾರು ಕೆರೆಯಲ್ಲಿ. ನಂಜನಗೂಡು ತಾಲ್ಲೂಕು, ಮೈಸೂರು ಅರಸು ಮನೆತನ ಶುರು ಮಾಡಿದ ಯದುರಾಯರ ಕಥೆಯಲ್ಲಿ ಬರೋ ಅದೇ ಊರು. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆ ಹೆಬ್ಬಾತು ಇಳಿದಿರ್ತವೆ, ಮಂಗೋಲಿಯಾ ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ದಾಟಿ ಬರೋ ಹಕ್ಕಿಗಳು, ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಗುಂಪಲ್ಲಿ ಕೆಲವುಕ್ಕೆ ಕೊರಳಲ್ಲಿ ಪಟ್ಟಿ ಇರತ್ತೆ, ಮಂಗೋಲಿಯಾದಲ್ಲಿ ವಿಜ್ಞಾನಿಗಳು ಹಾಕಿದ್ದು, ಅದರ ಮೇಲಿನ ಅಕ್ಷರ ಅಂಕಿ ಸ್ಕೋಪಲ್ಲಿ ಓದಿ ಕಳಿಸಿದ್ರೆ ಅದು ಎಲ್ಲಿಂದ ಬಂದಿದ್ದು ಅಂತ ತಿಳಿಯತ್ತೆ. ನಂಜನಗೂಡಿನ ಪಕ್ಕದ ಕೆರೆ ಏರಿ ಮೇಲೆ ಕೂತು ಮಂಗೋಲಿಯಾದ ನಂಬರ್ ಓದೋದು, ಅದು ಬೇರೆ ಥರದ ಅನುಭವ, ಎಷ್ಟು ಸಲ ಆದ್ರೂ ಮೈ ಜುಂ ಅನ್ನತ್ತೆ. ಈ ಹೆಬ್ಬಾತುಗಳು ಹಗಲೆಲ್ಲಾ ನೀರಲ್ಲಿ, ದಡದಲ್ಲಿ ಕೂತು ವಿಶ್ರಾಂತಿ ತಗೊಂಡು ರಾತ್ರಿ ಹೊಲಗದ್ದೆಗೆ ಮೇಯೋಕೆ ಹೋಗ್ತವೆ. ಹಾಗಾಗಿ ಹಗಲು ಅವು ಕೂತಿರೋವಾಗಲೇ ಎಣಿಸ್ಬೇಕು, ಎಬ್ಬಿಸಿದ್ರೆ ಮುಗೀತು.

ಎಬ್ಬಿಸೋದು ಅಂದ್ನಲ್ಲ, ಅರ್ಧ ಸ್ಟಾರ್ ಹೋಗೋಕೆ ಒಂದು ಕಾರಣ ಇಲ್ಲಿದೆ. ಗಣತಿಗೆ ಅಂತ ಹೆಸರು ಕೊಟ್ಟು ಉದ್ದ ಲೆನ್ಸ್ ಹಿಡ್ಕೊಂಡು ಬರೋ ಕೆಲವರು ಹಾರೋ ಶಾಟ್ ಬೇಕು ಅಂತ ದಡಕ್ಕೆ ಇಳಿದು ಹತ್ರ ಹತ್ರ ಹೋಗ್ತಾರೆ, ಇಡೀ ಗುಂಪು ಎದ್ದು ಪಕ್ಕದ ಕೆರೆಗೆ ಹೋಗತ್ತೆ, ಅಲ್ಲಿ ಇನ್ನೊಂದು ಟೀಮ್ ಅದನ್ನೇ ಮತ್ತೆ ಎಣಿಸತ್ತೆ. ಒಂದೇ ಹಕ್ಕಿ ಎರಡು ಕೆರೆ ಲೆಕ್ಕದಲ್ಲಿ. ಲೆಕ್ಕ ಕೆಡೋದು ಒಂದು ಕಡೆ ಇರ್ಲಿ, ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವ ಸುಧಾರಿಸ್ಕೊಳೋ ಹೊತ್ತಲ್ಲಿ ಸುಮ್ನೆ ಓಡಿಸೋದು ನನಗೆ ಸಹಿಸೋಕಾಗಲ್ಲ. ಟೀಮ್ ಲೀಡರ್‌ಗಳು ಇದನ್ನ ಹೊರಡೋ ಮುಂಚೆನೇ ಗಟ್ಟಿಯಾಗಿ ಹೇಳ್ಬೇಕು, ಸಂಕೋಚ ಪಡ್ಬಾರ್ದು, ಎಣಿಕೆ ಮುಗಿಯೋ ತನಕ ಕ್ಯಾಮೆರಾ ಬ್ಯಾಗಲ್ಲಿ ಅಂತ ನಿಯಮ ಇಟ್ಟಿರೋ ಟೀಮ್‌ಗಳಲ್ಲಿ ಬೆಳಗ್ಗೆ ಎಷ್ಟು ಚೆನ್ನಾಗಿ ಹೋಗತ್ತೆ ಅಂತ ನೋಡಿದೀನಿ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಏರಿ ಮೇಲೆ ಕುರಿ ಹೊಡ್ಕೊಂಡು ಬಂದ ಯಜಮಾನ್ರೊಬ್ರು ನಮ್ಮ ಸ್ಕೋಪ್ ಹತ್ರ ನಿಂತು ಕೇಳಿದ್ರು, "ನೀವ್ ಬತ್ತೀರಿ, ಎಣಿಸ್ಕೊಂಡ್ ಹೊಯ್ತೀರಿ, ರಾತ್ರಿಕೆ ನಮ್ ಹೊಲ್ದಲ್ಲಿ ಇಳ್ದು ಮೇಯ್ತವಲ್ಲ, ಅದ್ನ ಯಾರ್ ಎಣಿಸ್ತಾರೆ ಸಾ?" ನಮ್ಮ ಟೀಮಲ್ಲಿ ಯಾರ ಹತ್ರನೂ ಉತ್ತರ ಇರ್ಲಿಲ್ಲ. ಆ ಪ್ರಶ್ನೆ ನ್ಯಾಯವಾದದ್ದು. ಗಣತಿಯ ಫಾರಂ ಇಂಗ್ಲಿಷಲ್ಲಿ, ವರದಿ ಇಂಗ್ಲಿಷಲ್ಲಿ, ಕೆರೆ ಪಕ್ಕದ ಊರಿನವರಿಗೆ ತಮ್ಮ ಕೆರೆಯಲ್ಲಿ ಈ ವರ್ಷ ಎಷ್ಟು ಹಕ್ಕಿ ಇತ್ತು, ಹೋದ ವರ್ಷಕ್ಕಿಂತ ಹೆಚ್ಚಾ ಕಮ್ಮಿಯಾ ಅನ್ನೋದು ತಿರುಗಿ ಬರೋದೇ ಇಲ್ಲ. ಪಂಚಾಯ್ತಿ ಆಫೀಸ್ ಗೋಡೆಗೆ, ಶಾಲೆ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ರೆ ಸಾಕು, ನಮ್ಮೂರ ಕೆರೆಗೆ ಬಂದ ಹಕ್ಕಿಗಳು ಇಷ್ಟು ಅಂತ. ಊರಿನ ಹುಡುಗರನ್ನೇ ಟೀಮಿಗೆ ಸೇರಿಸ್ಕೊಂಡ್ರೆ ಇನ್ನೂ ಒಳ್ಳೇದು, ಯಾವ ಹೊತ್ತಲ್ಲಿ ಹೆಬ್ಬಾತು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಅವರಿಗೆ ಗೊತ್ತಿರೋದು ಮೈಸೂರಿಂದ ಹೋದ ನಮಗೆ ಗೊತ್ತಿರಲ್ಲ.

ಇದು ಆಗದೇ ಇರೋ ಕೆಲಸ ಏನಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಊರೊಳಗಿನ ಹುಣಸೆ ಮರ, ಅತ್ತಿ ಆಲದ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ, ಮನೆ ಹೆಂಚಿನ ಮೇಲೆ, ಅಂಗಳದಲ್ಲಿ ಹಿಕ್ಕೆ ಬೀಳತ್ತೆ, ಹುಣಸೆ ಫಸಲು ಹೋಗತ್ತೆ, ಆದ್ರೂ ಊರಿನವರು ಓಡಿಸಲ್ಲ. ಮೈಸೂರಿನ ನಿಸರ್ಗಾಸಕ್ತರ ಜೊತೆ ಸೇರಿ ಊರಿನವರೇ ಹೆಜ್ಜಾರ್ಲೆ ಬಳಗ ಅಂತ ಮಾಡ್ಕೊಂಡ್ರು, ಗೂಡಿಂದ ಬಿದ್ದ ಮರಿಗಳನ್ನ ಎತ್ತಿ ಸಾಕಿ ಮತ್ತೆ ಬಿಡ್ತಾರೆ. ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡೋ ಪದ್ಧತಿ ಇದೆ. 2007ರಲ್ಲಿ ಅದನ್ನ ಸಮುದಾಯ ಮೀಸಲು ಅಂತ ಘೋಷಿಸಿದ್ರು. ಅಲ್ಲಿನ ಮಕ್ಕಳನ್ನ ಕೇಳಿ, ಯಾವ ಮರದಲ್ಲಿ ಎಷ್ಟು ಗೂಡು ಅಂತ ಬೆರಳು ತೋರಿಸಿ ಹೇಳ್ತಾರೆ. ಗಣತಿ ಅಂದ್ರೆ ಅದು. ಹದಿನಾರು ಕೆರೆ ಸುತ್ತಲ ರೈತರಿಗೂ ಆ ಥರದ ಲೆಕ್ಕಾಚಾರ, ಬೆಳೆ ಹೋದ್ರೆ ಪರಿಹಾರ, ಎರಡೂ ಸಿಗ್ಬೇಕು ಅಂತ ನಾನು ಮನಸ್ಸಾರೆ ಬಯಸ್ತೀನಿ.

ಹಾಗಾದ್ರೆ ಎಣಿಸಿ ಏನು ಉಪಯೋಗ ಅಂತ ಕೇಳೋರಿಗೆ: ರಾಮ್‌ಸಾರ್ ಪಟ್ಟಿಗೆ ಒಂದು ಜೌಗು ಪ್ರದೇಶ ಸೇರ್ಬೇಕು ಅಂದ್ರೆ ಇರೋ ಮಾನದಂಡಗಳಲ್ಲಿ ಎರಡು ನೇರವಾಗಿ ನೀರಹಕ್ಕಿಗಳ ಸಂಖ್ಯೆದೇ. ಅಲ್ಲಿ ನಿಯಮಿತವಾಗಿ 20,000 ಅಥವಾ ಹೆಚ್ಚು ನೀರಹಕ್ಕಿ ಸೇರ್ತಿರ್ಬೇಕು, ಅಥವಾ ಯಾವುದಾದ್ರೂ ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ಶೇಕಡ 1 ಅಲ್ಲಿ ಕಾಣ್ಬೇಕು. ಆ ಒಟ್ಟು ಎಷ್ಟು ಅಂತ ಗೊತ್ತಾಗೋದೇ ಇಂಥ ಎಣಿಕೆಯಿಂದ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮೂರೂ ಪಟ್ಟಿಗೆ ಸೇರಿದ್ವು, ಮಾಗಡಿ ಕೆರೆ ಹೆಸರಾಗಿರೋದೇ ಇದೇ ಪಟ್ಟೆತಲೆ ಹೆಬ್ಬಾತಿನಿಂದ. ಕೆರೆ ಪಕ್ಕ ಲೇಔಟ್ ಬರತ್ತೆ, ಚರಂಡಿ ನೀರು ಬಿಡ್ತಾರೆ ಅಂತ ಗಲಾಟೆ ಆದಾಗ್ಲೂ "ತುಂಬಾ ಹಕ್ಕಿ ಇದ್ವು ಸಾರ್" ಅಂದ್ರೆ ಯಾರೂ ಕೇಳಲ್ಲ, ವರ್ಷವರ್ಷದ ಹಾಳೆ ಮುಂದಿಟ್ರೆ ಆಫೀಸಲ್ಲಿ ಕೂತೋರು ಓದ್ಲೇಬೇಕು.

ಮಕ್ಕಳನ್ನ ಕರ್ಕೊಂಡ್ ಹೋಗ್ಬಹುದಾ ಅಂದ್ರೆ, ಎಂಟು ಹತ್ತು ವರ್ಷದ ಮೇಲಿನವರಾದ್ರೆ ಖಂಡಿತ, ಎರಡು ಮೂರು ಗಂಟೆ ಸುಮ್ನೆ ನಿಲ್ಲೋ ಅಭ್ಯಾಸ ಇದ್ರೆ. ಗಾಢ ಬಣ್ಣದ ಬಟ್ಟೆ ಬೇಡ, ಮಾಸಲು ಹಸಿರು ಕಂದು ಸಾಕು. ಏರಿ ಇಳಿಜಾರಲ್ಲಿ ಮುಳ್ಳಿರತ್ತೆ, ಶೂ ಹಾಕಿ. ಕೆಲವು ಕಡೆ ಹೆಸರು ನೋಂದಾಯಿಸಿದ ಮೇಲೆ ಯಾವ ಕೆರೆ ಯಾವ ಟೀಮ್ ಅನ್ನೋದು ಹಿಂದಿನ ರಾತ್ರಿ ತನಕ ತಿಳಿಸಲ್ಲ, ಕೆಲಸಕ್ಕೆ ರಜೆ ಹಾಕೋರಿಗೆ ತೊಂದರೆ ಆಗತ್ತೆ, ಅದೊಂದು ಸರಿ ಮಾಡ್ಕೊಂಡ್ರೆ ಚೆನ್ನ. ಸರ್ಟಿಫಿಕೇಟ್ ಸಿಗತ್ತಾ ಅಂತಾನೂ ಕೇಳ್ತಾರೆ, ಅದನ್ನ ನಂಬ್ಕೊಂಡು ಹೋಗ್ಬೇಡಿ.

ಒಂದು ಸಲಹೆ, ಪ್ರತಿ ವರ್ಷ ಹೊಸ ಹೊಸ ಕೆರೆ ಸುತ್ತೋ ಆಸೆ ಬರತ್ತೆ, ಅದರ ಬದ್ಲು ನಿಮ್ಮ ಮನೆಗೆ ಹತ್ರ ಇರೋ ಒಂದು ಕೆರೆ ಆರಿಸ್ಕೊಂಡು ಅದನ್ನೇ ಹಿಡ್ಕೊಳಿ, ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಲ್ಲಿ, ವರ್ಷಾ ವರ್ಷಾ. ಕೆರೆ ಒಣಗಿದ ವರ್ಷನೂ ಹೋಗಿ "ನೀರಿಲ್ಲ, ಹಕ್ಕಿ ಸೊನ್ನೆ" ಅಂತ ಬರೆದು ಬನ್ನಿ, ಆ ಸೊನ್ನೆನೂ ಲೆಕ್ಕಕ್ಕೆ ಬೇಕು. ಹೆಸರು ಕೊಡೋದಾದ್ರೆ ಡಿಸೆಂಬರ್ ಕೊನೆ ವಾರಕ್ಕೆ ಮುಂಚೆ ನಿಮ್ಮ ಊರಿನ ಹಕ್ಕಿ ಗುಂಪಿನವರನ್ನೋ ಅರಣ್ಯ ಇಲಾಖೆ ಆಫೀಸನ್ನೋ ವಿಚಾರಿಸಿ. ನಂಜನಗೂಡು ಕಡೆ ಟೀಮ್‌ಗಳಿಗೆ ಯಾವಾಗ್ಲೂ ಜನ ಸಾಲಲ್ಲ, ಬರೆಯೋ ಕೈ ಇದ್ರೂ ಸಾಕು, ಬನ್ನಿ.