ಟಿಎಂವಿ ಪಟ್ಟಿ ಪರೀಕ್ಷೆ: ಎರಡು ಗೆರೆ ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ ಸಸಿಗಳಲ್ಲಿ ಮೊಸಾಯಿಕ್ ನಂಜುರೋಗ ಇದೆಯೇ ಎಂದು ತೋಟದಲ್ಲೇ ನೋಡಲು ಅಗ್ಡಿಯಾ ಕಂಪನಿಯ ಟಿಎಂವಿ (ಟೊಬ್ಯಾಕೊ ಮೊಸಾಯಿಕ್ ವೈರಸ್) ಇಮ್ಯುನೊಸ್ಟ್ರಿಪ್ ಎಂಬ ಪರೀಕ್ಷಾ ಪಟ್ಟಿ ಒಳ್ಳೆಯ ಸಾಧನ. ಆದರೆ ಅದರಿಂದ ತಳಿಯ ಭವಿಷ್ಯ, ಅಂದರೆ ತಳಿಯ ನಿರೋಧಕ ಜೀನ್ ಆ ವೈರಸ್ಸನ್ನು ತಡೆಯುತ್ತದೆಯೇ ಎಂದು, ಕೇಳಲು ಹೋಗಬೇಡಿ.

ಬಳಕೆ ಸುಲಭ. ಲಕ್ಷಣ ಕಾಣುವ ಎಳೆ ಎಲೆಯಿಂದ ಸುಮಾರು 0.15 ಗ್ರಾಂ ಹರಿದು, 3 ಮಿ.ಲೀ. ದ್ರಾವಣವಿರುವ ಜಾಲರಿ ಚೀಲಕ್ಕೆ ಹಾಕಿ, ಹೊರಗಿನಿಂದ ಪೆನ್ನಿನ ಹಿಂಬದಿಯಲ್ಲಿ ಉಜ್ಜಿ ರಸ ಬಿಡಿಸಬೇಕು. ಹೆಚ್ಚು ಎಲೆ ತುರುಕಿದರೆ ರಸ ಮಂದವಾಗಿ ಪಟ್ಟಿಯಲ್ಲಿ ಸರಿಯಾಗಿ ಏರುವುದಿಲ್ಲ. ಹಸಿರು ಕಲೆಯ ನಡುವೆ ತೆಳು ಗೆರೆ ಕಾಣದೇ ಹೋಗುತ್ತದೆ. ಪಟ್ಟಿಯ ತುದಿ ಮಾತ್ರ ಮುಳುಗಲಿ. 30 ನಿಮಿಷದಲ್ಲಿ ಓದಿ. ಎರಡು ಗೆರೆ ಬಂದರೆ ವೈರಸ್ ಇದೆ; ಪಟ್ಟಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಒಂದೇ ಬಂದರೆ ವೈರಸ್ ಸಿಕ್ಕಿಲ್ಲ. ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಪಟ್ಟಿ ಲೆಕ್ಕಕ್ಕಿಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಉಳಿದವೂ ಹಾಳು. ಇಡುವ ಜಾಗ ಫ್ರಿಜ್, 2ರಿಂದ 8 ಡಿಗ್ರಿ. ಗಿಡದಿಂದ ಗಿಡಕ್ಕೆ ಗ್ಲೌಸ್ ಬದಲಿಸಿ, ಏಕೆಂದರೆ ಈ ವೈರಸ್ ಹರಡುವುದೇ ಕೈಯಿಂದ, ಕತ್ತರಿಯಿಂದ.

ಈಗ ಮಿತಿಯ ಮಾತು. ಪಟ್ಟಿಯಲ್ಲಿರುವ ಆ್ಯಂಟಿಬಾಡಿ ಹಿಡಿಯುವುದು ವೈರಸ್ಸಿನ ಹೊರಕವಚದ ಪ್ರೋಟೀನನ್ನು. ಹತ್ತಿರದ ನೆಂಟರ ಕವಚ ಒಂದೇ ತೆರನಾಗಿರುವುದರಿಂದ ಟೊಬ್ಯಾಕೊ ಮೊಸಾಯಿಕ್, ಟೊಮ್ಯಾಟೊ ಮೊಸಾಯಿಕ್, ಟೊಮ್ಯಾಟೊ ಬ್ರೌನ್ ರುಗೋಸ್ ಮೂರಕ್ಕೂ ಅದೇ ಎರಡು ಗೆರೆ. ಟೊಮ್ಯಾಟೊದ ಟಿಎಂ-2² ಎಂಬ ನಿರೋಧಕ ಜೀನ್ ಮಾತ್ರ ಕವಚದ ಗೊಡವೆಗೇ ಹೋಗುವುದಿಲ್ಲ. ವೈರಸ್ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ದಾಟಲು ಬಳಸುವ ಚಲನ ಪ್ರೋಟೀನನ್ನು ಗುರುತಿಸಿ ಅದು ರೋಗ ತಡೆಯುತ್ತದೆ. ಮೊದಲ ಎರಡು ವೈರಸ್‌ಗಳು ಅಲ್ಲಿ ಸಿಕ್ಕಿಬೀಳುತ್ತವೆ. ರುಗೋಸ್‌ನ ಚಲನ ಪ್ರೋಟೀನ್ ಬದಲಾಗಿರುವುದರಿಂದ ಜೀನಿನ ಕಣ್ಣು ತಪ್ಪಿಸುತ್ತದೆ. 2014ರಲ್ಲಿ ಇಸ್ರೇಲ್‌ನಲ್ಲಿ ನಿರೋಧಕ ಟೊಮ್ಯಾಟೊಗಳೇ ರೋಗಕ್ಕೆ ತುತ್ತಾದದ್ದು ಇದೇ ಕಾರಣಕ್ಕೆ.

ದೊಣ್ಣೆ ಮೆಣಸಿನಕಾಯಿಯಲ್ಲಿ ಕಥೆ ಬೇರೆ. ಅದರ ಎಲ್ ಎಂಬ ನಿರೋಧಕ ಜೀನ್‌ಗಳು (ಎಲ್1, ಎಲ್3, ಎಲ್4) ಕವಚವನ್ನೇ ನೋಡುತ್ತವೆ. ಆದರೂ ಪಟ್ಟಿಯಿಂದ ಉತ್ತರ ಸಿಗದು: ಕವಚದಲ್ಲಿ ಒಂದೆರಡು ಅಮೈನೊ ಆಮ್ಲ ಬದಲಾದರೆ ಜೀನ್ ಮೋಸಹೋಗಬಹುದು, ಆ್ಯಂಟಿಬಾಡಿಗೆ ಆ ವ್ಯತ್ಯಾಸ ಗೊತ್ತೇ ಆಗದಿರಬಹುದು. ಪಾಲಿಹೌಸ್ ಒಳಗೆ 30 ಡಿಗ್ರಿ ಮೀರಿದರಂತೂ ಈ ಜೀನ್‌ಗಳಲ್ಲಿ ಕೆಲವು ತಾವಾಗಿಯೇ ಸಡಿಲವಾಗುತ್ತವೆ.

ಒಂದೇ ಗೆರೆ ಬಂತೆಂದು ಸಸಿ ಶುದ್ಧ ಎನ್ನುವಂತಿಲ್ಲ. ಬಿಳಿನೊಣ ತರುವ ಎಲೆ ಮುಟುರು ವೈರಸ್ ಬೇರೆಯೇ ಕುಲದ್ದು, ಈ ಪಟ್ಟಿಗೆ ಕಾಣುವುದಿಲ್ಲ.

ನರ್ಸರಿಯವರಿಗೆ ಕೊಳ್ಳಿರೆಂದು ಧೈರ್ಯವಾಗಿ ಹೇಳಬಹುದು. ಬೀಜದ ಪೊಟ್ಟಣದ ಮೇಲೆ ಯಾವ ನಿರೋಧಕ ಜೀನ್ ಇದೆಯೆಂದು ಓದಿಕೊಂಡು ಬಳಸಿದರೆ ಪಟ್ಟಿಯ ಬೆಲೆ ಇಮ್ಮಡಿ. ಟಿಎಂ-2² ಇರುವ ಟೊಮ್ಯಾಟೊದಲ್ಲಿ ಎರಡು ಗೆರೆ ಬಂದರೆ ಮೊದಲು ರುಗೋಸ್ ಅನ್ನೇ ಅನುಮಾನಿಸಿ: ಆ ಸಾಲಿಗೆ ಕೈ ಹಾಕುವುದು ನಿಲ್ಲಿಸಿ, ಎಲೆಯನ್ನು ಪ್ರಯೋಗಾಲಯದ ವಂಶವಾಹಿ ಪರೀಕ್ಷೆಯಾದ ಆರ್‌ಟಿ-ಪಿಸಿಆರ್‌ಗೆ ಕಳಿಸಿ.